ಕಣಗಿಲೆಯ ಮೇಲಿನ ಬಳ್ಳಿ

ಫೋನು ಬಂದಾಗ ನಾನು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸ್ಲೈಡು ತೊಳೆಯುತ್ತಿದ್ದೆ. ಆಫೀಸಿನವರು "ಅಂಜಿನೀ" ಎಂದು ಕೂಗಿದರು, ಒದ್ದೆ ಕೈಯಲ್ಲೇ ಓಡಿದೆ. ಆ ಕಡೆ ನನ್ನ ಅಕ್ಕನ ಮಗ ಉಚ್ಚಂಗೆಪ್ಪ ಅಳುವ ದನಿಯಲ್ಲಿ ಮಾತಾಡುತ್ತಿದ್ದ.

"ಮಾವ, ಅವ್ವನ್ನ ಹರಪನಹಳ್ಳಿ ದವಾಖಾನಿಗೆ ತಂದೀನಿ. ಮೂರು ದಿನ ಆತು, ಹೊಟ್ಟಿ ಹಿಡ್ಕೊಂಡು ಬಿದ್ದಾಳ. ಎಲ್ಲಿ ನೋವು ಅಂತ ಡಾಕ್ಟರಮ್ಮ ಕೇಳಿದ್ರ ಹೇಳವಲ್ಲಳು. ಗುಳಿಗಿ ಕೊಟ್ರ ಹಲ್ಲು ಬಿಗಿ ಹಿಡಿತಾಳ. ಹಿಂಗಾ ಮಾಡಿದ್ರ ಉಳಿಯಂಗಿಲ್ಲ ಅಂತಾರ. ನೀ ಬಾ ಮಾವ. ನಿನ್ನ ಮಾತರ ಕೇಳ್ಯಾಳು."

ನನ್ನ ಅಕ್ಕ ಜಂಬಕ್ಕ ಹುಟ್ಟುಮೂಕಿಯಲ್ಲ. ಇಡೀ ಓಣಿಯೇ ತಿರುಗಿ ನೋಡುವಂತೆ ಮಾತಾಡುತ್ತಿದ್ದವಳು. ನಾಲ್ಕು ವರ್ಷದ ಕೆಳಗೆ ನನ್ನ ಮಗಳು ಸತ್ತ ಹನ್ನೊಂದನೆಯ ದಿನ ಮಾತು ಬಿಟ್ಟಳು. ತಾನು ಆಡಿದ ಒಂದು ಮಾತಿನಿಂದ ಆ ಹುಡುಗಿ ಸತ್ತಳು ಎಂದು ಅವಳು ನಂಬಿದ್ದಾಳೆ. ಅದು ಸುಳ್ಳು. ಸುಳ್ಳು ಎಂದು ಗೊತ್ತಿದ್ದವನು ಭೂಮಿಯ ಮೇಲೆ ನಾನೊಬ್ಬನೇ. ಅವಳ ಬಾಯಿ ಬಿಡಿಸುವ ಮಾತು ನಾಲ್ಕು ವರ್ಷದಿಂದ ನನ್ನ ಹತ್ತಿರವೇ ಇತ್ತು, ನಾನು ಹೇಳಿರಲಿಲ್ಲ. ಬೈಯುವುದಿದ್ದರೆ ಈಗಲೇ ಬೈದುಬಿಡಿ, ಆಮೇಲೆ ಕೇಳಿ.

ನಾನು ಕೊಟ್ಟೂರಿನ ಒಂದು ಕಾಲೇಜಿನ ಬಾಟನಿ ವಿಭಾಗದಲ್ಲಿ ಅಟೆಂಡರ್. ಓದಿದ್ದು ಏಳನೆಯ ಇಯತ್ತೆ. ಆದರೆ ಹದಿನೆಂಟು ವರ್ಷ ಟ್ರೇ ಹಿಡಿದುಕೊಂಡು ಪಾಠ ಕೇಳಿದ್ದೇನೆ. ಬಿ.ಎಸ್ಸಿ. ಹುಡುಗರಿಗೆ ಬಾರದ ಗಿಡದ ಹೆಸರು ನನಗೆ ಬರುತ್ತದೆ. ಕೊಟ್ರಸ್ವಾಮಿ ಸರ್ ಪಾಠ ಮಾಡುವಾಗ ಹೆಸರು ಮರೆತರೆ ನನ್ನ ಮುಖ ನೋಡುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಪ್ರತಿ ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ಬಳ್ಳಿ ಬೇಕು. ಸರ್ ಅದನ್ನು ಕಸ್ಕ್ಯೂಟ ಎನ್ನುತ್ತಾರೆ. ನಮ್ಮ ಕಡೆ ಬಂಗಾರದ ಬಳ್ಳಿ. ಬೇಲಿಯ ಮೇಲೆ ಯಾರೋ ಹಳದಿ ನೂಲಿನ ಉಂಡೆ ಬಿಚ್ಚಿ ಎಸೆದ ಹಾಗೆ ಹಬ್ಬಿರುತ್ತದೆ, ನೀವೂ ನೋಡಿರುತ್ತೀರಿ. ಎಲೆಯಿಲ್ಲ, ಹಸಿರಿಲ್ಲ, ನೆಲದಲ್ಲಿ ಬೇರಿಲ್ಲ. ಬೀಜ ಮೊಳೆತಾಗ ಎಳೆ ಮಾತ್ರ ಏಳುತ್ತದೆ. ಎದ್ದ ಎಳೆ ಅತ್ತ ಇತ್ತ ತೂಗಾಡಿ ಹತ್ತಿರದ ಗಿಡ ಹುಡುಕುತ್ತದೆ. ನಾಲ್ಕೈದು ದಿನದಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಅಲ್ಲೇ ಒಣಗಿ ಸಾಯುತ್ತದೆ. ಸಿಕ್ಕಿತೋ, ಕಾಂಡವನ್ನು ಸುತ್ತಿ, ಸುತ್ತಿದ ಜಾಗದಲ್ಲೇ ಸಣ್ಣ ಸಣ್ಣ ಹಲ್ಲು ಊರುತ್ತದೆ. ಅವಕ್ಕೆ ಹೀರುಬೇರು ಎನ್ನುತ್ತಾರೆ. ಅವು ಗಿಡದ ಒಳಗಿನ ನಾಳಕ್ಕೇ ಬಾಯಿ ಹಾಕುತ್ತವೆ. ಅಲ್ಲಿಂದ ಆಚೆ ನೆಲದ ಹಂಗೇ ಬೇಡ, ಬುಡ ಒಣಗಿ ಹೋದರೂ ಬಳ್ಳಿ ಬದುಕುತ್ತದೆ. ಆ ಹಲ್ಲನ್ನೇ ಹುಡುಗರು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಕೆಂಪು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ತೋರಿಸಬೇಕು.

ಪರೀಕ್ಷೆ ಬರುವುದು ಮಾರ್ಚಿನಲ್ಲಿ. ನಮ್ಮ ಸೀಮೆಯ ಮಾರ್ಚು ಅಂದರೆ ಕೇಳಬೇಕೇ? ಬದುವಿನ ತಂಗಡಿ ಗಿಡ, ಬಾರೆ ಗಿಡ ಎಲ್ಲಾ ಬೋಳಾಗಿ, ಅವುಗಳ ಮೇಲಿನ ಬಳ್ಳಿಯೂ ಕರಕಲು ನಾರಾಗಿರುತ್ತದೆ. ಒಂದು ವರ್ಷ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಒಣ ನಾರು ನೋಡಿ, "ಇದೇನ್ರೀ, ಹಗ್ಗ ತಂದಿಟ್ಟೀರಿ" ಎಂದು ಸರ್ ಮುಖಕ್ಕೇ ಹೇಳಿ ನಕ್ಕರು. ನನಗೆ ಮೈಯೆಲ್ಲಾ ಉರಿದುಹೋಯಿತು. ಆ ಮಳೆಗಾಲದಲ್ಲಿ ಒಂದು ಹಸಿ ಎಳೆ ತಂದು, ಲ್ಯಾಬಿನ ಹಿಂದೆ ಕಾಂಪೌಂಡಿನ ಸಾಲಿಗಿದ್ದ ಕಣಗಿಲೆಗೆ ಸುತ್ತಿದೆ. ಕಣಗಿಲೆಯನ್ನೇ ಯಾಕೆ ಆರಿಸಿದೆ ಗೊತ್ತೇ? ಅದಕ್ಕೆ ನೀರು ಬೇಡ, ಬೇಸಿಗೆಯಲ್ಲೂ ಹಸಿರು, ಆಡು ಕುರಿ ಬಾಯಿ ಹಾಕುವುದಿಲ್ಲ. ಮುಂದಿನ ಮಾರ್ಚಿಗೆ ಕಡ್ಡಿ ದಪ್ಪದ ಎಳೆಗಳ ಕಟ್ಟು ಕಟ್ಟು ಬಂಗಾರದ ಬಳ್ಳಿ ಟ್ರೇಯಲ್ಲಿಟ್ಟೆ.

"ಭೇಷ್ ಅಂಜಿನಿ!" ಎಂದರು ಸರ್. ಆಮೇಲೆ ಹುಡುಗರ ಕಡೆ ತಿರುಗಿ, "ನೋಡ್ರಪ್ಪ, ಕೈ ತೊಳ್ಕೊಳ್ರಿ. ಇದಕ್ಕ ತನ್ನದು ಅಂತ ಏನೂ ಇಲ್ಲ. ಯಾವ ಗಿಡದ ಮ್ಯಾಲೆ ಬೆಳಿತದೋ ಆ ಗಿಡದ್ದೆಲ್ಲಾ ಇದರಾಗ ಇಳಿತದ. ಬೇವಿನ ಮ್ಯಾಲಿಂದು ಕಹಿ. ಕಣಗಿಲದ ಮ್ಯಾಲಿಂದು ವಿಷ" ಎಂದರು. ನಾನು ಅಲ್ಲೇ ನಿಂತು ಕೇಳಿದೆ. ಆ ವರ್ಷ ಕೇಳಿದೆ, ಮರುವರ್ಷವೂ ಕೇಳಿದೆ. ಗೊತ್ತಿರಲಿಲ್ಲ ಎನ್ನುವ ಮಾತೇ ನನಗಿಲ್ಲ.

ಇನ್ನು ಅಕ್ಕನ ಕಥೆ. ಉಜ್ಜಿನಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳು ಕಾಮಣಿಗೆ ಔಷಧಿ ಕೊಡುತ್ತಿದ್ದಳು. ಪೇಟೆಯವರು ಕಾಮಾಲೆ ಎನ್ನುವ ರೋಗಕ್ಕೇ ನಾವು ಕಾಮಣಿ ಎನ್ನುವುದು. ನಮ್ಮ ಅವ್ವನಿಂದ ಅವಳಿಗೆ ಬಂದ ವಿದ್ಯೆ. ಭಾನುವಾರ ಬೆಳಗಿನ ಜಾವ ಹೊಲದ ಬದುವಿಗೆ ಹೋಗಿ, ಗಿಡದ ಬುಡಕ್ಕೆ ವೀಳ್ಯದೆಲೆ ಅಡಿಕೆ ಇಟ್ಟು, ತಂಗಡಿಯ ಮೇಲಿನ ಬಂಗಾರದ ಬಳ್ಳಿ ಕಿತ್ತು ತರುತ್ತಿದ್ದಳು. ಅರೆದು, ಹಿಂಡಿ, ಆಡಿನ ಹಾಲಿನಲ್ಲಿ ಕುಡಿಸುತ್ತಿದ್ದಳು. ಕಾನಹೊಸಹಳ್ಳಿಯಿಂದ ಬಸ್ಸು ಹತ್ತಿ ಬರುವವರಿದ್ದರು. ಅಕ್ಕ ಪ್ರತಿಯಾಗಿ ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟುತ್ತಿರಲಿಲ್ಲ.

ಅದಕ್ಕೆ ಕಟ್ಟುಕಟ್ಟಳೆಗಳಿದ್ದವು. ಬಳ್ಳಿ ಕಿತ್ತ ಗಳಿಗೆಯಿಂದ ರೋಗಿಯ ಗಂಟಲಿಗೆ ಇಳಿಯುವವರೆಗೆ ತಂದವಳು ಬಾಯಿ ಬಿಡಬಾರದು. ಏನು ಗಿಡ, ಎಲ್ಲಿಯದು ಎಂದು ಯಾರೂ ಕೇಳಬಾರದು. ಕೇಳಿದರೂ ಹೋಯಿತು, ಹೇಳಿದರೂ ಹೋಯಿತು, ಔಷಧಿ ಮುರಿಯಿತು ಎನ್ನುತ್ತಿದ್ದರು. ಕುಡಿದವರು "ಬರ್ತೀನಿ" ಎಂದು ಹೇಳದೆ ಎದ್ದು ಹೋಗಬೇಕು. ನಾನು ಸಣ್ಣವನಿದ್ದಾಗ ಒಮ್ಮೆ "ಅವ್ವ, ಅದೇನದು?" ಎಂದು ಕೇಳಿ, ಬೆನ್ನ ಮೇಲೆ ಬಾಸುಂಡೆ ಬರುವಂತೆ ಹೊಡೆಸಿಕೊಂಡಿದ್ದೆ.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ ನನ್ನ ಮಗಳು ಯಶೋಧಾಗೆ ಕಾಮಣಿ ಆಯಿತು. ಹದಿನಾರು ವರ್ಷ, ಪಿಯುಸಿ ಮೊದಲ ವರ್ಷ. ಕಣ್ಣು ಹಳದಿ, ಉಗುರು ಹಳದಿ. ಡಾಕ್ಟರು ನೋಡಿ, "ಹೆದರೋ ಅಂಥಾದ್ದಲ್ಲ, ಎಣ್ಣಿ ಜಿಡ್ಡು ಬಿಡ್ರಿ, ಮಲಗಿಸ್ರಿ, ತಾನಾ ಹೋಗ್ತದ" ಎಂದರು. ಅಷ್ಟು ಕೇಳಿ ಸುಮ್ಮನಿದ್ದಿದ್ದರೆ ಅವಳಿಗೆ ಈಗ ಇಪ್ಪತ್ತು ತುಂಬಿರುತ್ತಿತ್ತು. ಆದರೆ ಮನೆಯಲ್ಲೇ ವೈದ್ಯೆ ಇರುವಾಗ ಸುಮ್ಮನಿರುತ್ತಾರೆಯೇ? ನನ್ನ ಹೆಂಡತಿ ಪಾಲಮ್ಮ, "ಊರ ಮಂದೀಗೆಲ್ಲಾ ಕೊಡ್ತಾಳ, ನಮ್ಮ ಕೂಸಿಗೆ ಬ್ಯಾಡೇನು? ಜಂಬಕ್ಕಗ ಹೇಳಿ ಕಳಸ್ರಿ" ಎಂದಳು. ಹುಡುಗಿಗೆ ಬಸ್ಸಿನಲ್ಲಿ ಕೂರುವ ಶಕ್ತಿ ಇರಲಿಲ್ಲ. ಅಕ್ಕ ತಾನೇ ಶನಿವಾರ ಸಂಜೆ ಬಸ್ಸಿಗೆ ಬಂದಳು. ಬಂದವಳೇ ಯಶೋಧಾಳ ಗಲ್ಲ ಹಿಡಿದು, "ಏನಲೇ ಯಶೀ, ಅರಿಶಿಣ ಹಚ್ಕೊಂಡು ಕುಂತೀಯೇನು? ಗಂಡು ನಾ ನೋಡೀನಿ, ನಾಳೀಗೇ ಮದುವಿ" ಎಂದು ನಗಿಸಿದಳು. ಮನೆ ತುಂಬ ಅವಳದೇ ಸದ್ದು.

ಮರುದಿನ ಕತ್ತಲಿರುವಾಗಲೇ ಎದ್ದು ಹೋದಳು. ಸೂರ್ಯ ಹುಟ್ಟುವ ಹೊತ್ತಿಗೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು, ತುಟಿ ಬಿಗಿದಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಸೆರಗಿನ ಅಂಚಿನಿಂದ ಗೇಣುದ್ದದ ಎಳೆ ಇಳಿಬಿದ್ದಿತ್ತು. ದಪ್ಪ, ರಸ ತುಂಬಿದ, ಹೊಳೆಯುವ ಎಳೆ.

ನನಗೆ ಅನಿಸಿತು. ಅನಿಸಲಿಲ್ಲ ಎಂದರೆ ನನ್ನ ನಾಲಿಗೆ ಸೀದುಹೋಗಲಿ. ಈ ಬೇಸಿಗೆಯಲ್ಲಿ, ಈ ಊರ ಸುತ್ತ, ಇಷ್ಟು ಹಸಿ ಬಳ್ಳಿ ಎಲ್ಲಿ ಸಿಕ್ಕಿತು ಇವಳಿಗೆ ಎಂದು ತಲೆಯಲ್ಲಿ ಬಂದೇ ಬಂತು. "ಎಲ್ಲೀದಕ್ಕ" ಎಂಬ ಮಾತು ನಾಲಿಗೆ ತುದಿಗೆ ಬಂತು. ಕೇಳಿದರೆ ಔಷಧಿ ಮುರಿಯುತ್ತದೆ, ಮಗಳಿಗೆ ಹತ್ತುವುದಿಲ್ಲ. ನುಂಗಿಕೊಂಡೆ. ಹದಿನಾಲ್ಕು ವರ್ಷ ಲ್ಯಾಬಿನಲ್ಲಿ ನಿಂತವನು ಬೆನ್ನ ಮೇಲಿನ ಬಾಸುಂಡೆಗೆ ಹೆದರಿದೆ.

ಅಕ್ಕ ಒಳಕಲ್ಲಿನಲ್ಲಿ ಅರೆದಳು. ಒಂದು ಲೋಟ ತುಂಬ ಆಯಿತು. ಯಶೋಧಾ ಮೂಗು ಹಿಡಿದು ಕುಡಿದು, "ಯಪ್ಪಾ, ಏನು ಕಹಿ ಅತ್ತಿ!" ಎಂದಳು. ಆಗ ಅಕ್ಕ ಬಾಯಿ ಬಿಟ್ಟು, "ಔಷಧಿ ಮತ್ತೇನು ಪಾಯಸಿರ್ತೈತೇನಲೇ" ಎಂದಳು.

ಒಂದು ತಾಸಿಗೆ ವಾಂತಿ ಶುರುವಾಯಿತು. ನಮಗೆಲ್ಲಾ ಸಮಾಧಾನ! "ಪಿತ್ತ ಬೀಳಾಕ ಹತ್ತೇತಿ, ಬೀಳ್ಲಿ ಬೀಳ್ಲಿ" ಎಂದು ಪಾಲಮ್ಮ ಬೆನ್ನು ಸವರಿದಳು. ನಮ್ಮಲ್ಲಿ ಹಾಗೇ ತಿಳಿಯುವುದು, ಕಾಮಣಿಯವರಿಗೆ ವಾಂತಿಯಾದರೆ ರೋಗ ಹೊರಗೆ ಬಂತು ಎಂದು. ಐದು ಸಲ ಆಯಿತು, ಆರು ಸಲ ಆಯಿತು. ಹನ್ನೊಂದು ಗಂಟೆಯ ಸುಮಾರಿಗೆ ಹುಡುಗಿ ನನ್ನನ್ನು ದಿಟ್ಟಿಸಿ ನೋಡಿ, "ಅಪ್ಪ, ಎಲ್ಲಾ ಹಳದಿ ಕಾಣ್ತೈತಿ. ಗ್ವಾಡಿ ಹಳದಿ, ನಿನ್ನ ಅಂಗಿ ಹಳದಿ. ಕಿಟಕಿ ಸುತ್ತ ಬಳಿಯಂಗ ಬೆಳಕು ಕಾಣ್ತೈತಿ" ಎಂದಳು.

ನಾನು ನಕ್ಕೆ. ಹೌದು, ನಕ್ಕೆ! "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತ ಗಾದಿ ಸುಮ್ನ ಮಾಡ್ಯಾರೇನವ್ವಾ" ಎಂದೆ. ಅಕ್ಕ ನಕ್ಕಳು, ಪಾಲಮ್ಮ ನಕ್ಕಳು. ಯಶೋಧಾ ತಾನೂ ನಗಲು ನೋಡಿ, ಮತ್ತೆ ವಾಂತಿ ಮಾಡಿದಳು. ಆ ಗಾದೆ ಕೈಯಲ್ಲಿರದಿದ್ದರೆ ಆಗಲೇ ಎತ್ತಿಕೊಂಡು ಓಡುತ್ತಿದ್ದೆನೋ ಏನೋ. ಹನ್ನೊಂದಕ್ಕೆ ಓಡಿದ್ದರೆ ಸಾಕಾಗುತ್ತಿತ್ತು ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಒಂದು ಗಂಟೆಗೆ ಕೈಕಾಲು ತಣ್ಣಗಾದವು. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದೆವು. ನಾಡಿ ಹಿಡಿದವರು ಹಿಡಿದೇ ನಿಂತರು. ಒಂದು ಬಡಿತ, ಆಮೇಲೆ ಎಷ್ಟೋ ಹೊತ್ತು ಇಲ್ಲ. ಮೂರು ಗಂಟೆಗೆ ಮಗಳು ಹೋದಳು. ಕಾಮಣಿ ತಲೆಗೇರಿತ್ತು ಎಂದರು. ಬೇರೆ ಏನಾದರೂ ಕುಡಿಸಿದಿರಾ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹನ್ನೊಂದನೆಯ ದಿನ ಎಡೆ ಇಟ್ಟು ಎಲ್ಲರೂ ಕೂತಿದ್ದಾಗ, ಅಕ್ಕ ಎದ್ದು ನಿಂತಳು. "ನನ್ನಿಂದ ಹೋತು ಕೂಸು" ಎಂದಳು. ಬಳ್ಳಿ ಕಿತ್ತುಕೊಂಡು ಬರುವಾಗ ದಾರಿಯಲ್ಲಿ ಹಾಲು ಕೊಡುವ ಓಬಮ್ಮ ಎದುರಾಗಿ, "ಅಂಜಿನಿಯ ಅಕ್ಕ ಅಲ್ಲೇನು?" ಎಂದು ಕೇಳಿದಳಂತೆ. ಇವಳು ಮರೆತು "ಹ್ಞೂಂ" ಎಂದುಬಿಟ್ಟಳಂತೆ. "ಔಷಧಿ ಮುರಿದಿತ್ತು. ಮುರಿದದ್ದು ಗೊತ್ತಿದ್ದೂ ಚೆಲ್ಲಲಿಲ್ಲ. ಒಂದಾ ಒಂದು ಹ್ಞೂಂ, ಏನಾಗ್ತೈತಿ ಬಿಡು ಅಂದ್ಕೊಂಡೆ. ಈ ಬಾಯಿ ಆಡಿದ್ದಕ್ಕ ಹೋತು. ಇನ್ನ ಈ ಬಾಯಿ ಆಡಂಗಿಲ್ಲ" ಎಂದಳು.

ಪಾಲಮ್ಮ ಎಡೆಯ ಮುಂದಿನಿಂದಲೇ ಎದ್ದು ಬಂದು ಅವಳ ಕೂದಲು ಹಿಡಿದಳು. ಬಿಡಿಸಲು ನಾಲ್ಕು ಜನ ಬೇಕಾಯಿತು. "ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ ನೀನು" ಎಂದು ಕೂಗುತ್ತಲೇ ಇದ್ದಳು. ಅಕ್ಕ ತಲೆ ತಗ್ಗಿಸಿ ಹೊರಟಳು.

ಮರುದಿನ ನಾನು ಕೆಲಸಕ್ಕೆ ಹೋದೆ. ಪ್ರಾಕ್ಟಿಕಲ್ ಪರೀಕ್ಷೆಯಿತ್ತು. ಬಳ್ಳಿ ತರಲು ಲ್ಯಾಬಿನ ಹಿಂದಕ್ಕೆ ಹೋದರೆ, ಕಣಗಿಲೆಯ ಒಂದು ಮಗ್ಗುಲು ಬೋಳಾಗಿತ್ತು. ಬ್ಲೇಡಿನಿಂದ ಕೊಯ್ದದ್ದಲ್ಲ, ಕೈಯಿಂದ ಕಿತ್ತದ್ದು. ಬುಡದಲ್ಲಿ ಬಾಡಿ ಕಪ್ಪಾದ ವೀಳ್ಯದೆಲೆ, ಅದರ ಮೇಲೆ ಒಂದು ಅಡಿಕೆ.

ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬರುವ ದಾರಿ ಆ ಕಾಂಪೌಂಡಿನ ಪಕ್ಕದಲ್ಲೇ. ಶನಿವಾರ ಸಂಜೆಯೇ ಅಕ್ಕ ಗೋಡೆಯ ಮೇಲಿಂದ ಬಳ್ಳಿ ನೋಡಿಟ್ಟುಕೊಂಡಿದ್ದಾಳೆ. ಅವಳಿಗೆ ಬಳ್ಳಿ ಮುಖ್ಯ, ಕೆಳಗಿನ ಗಿಡ ಯಾವುದಾದರೇನು? ಅವ್ವ ಕಲಿಸಿದ್ದೂ ಅಷ್ಟೇ. ಹೊಲದ ಬದುವಿನಲ್ಲಿ ತಂಗಡಿ ಬಿಟ್ಟರೆ ಬೇರೆ ಗಿಡದ ಮೇಲೆ ಅದು ಸಿಕ್ಕಿದ್ದೇ ಇಲ್ಲ, ಹಾಗಾಗಿ ಇಂಥ ಗಿಡದ ಮೇಲಿನದೇ ಆಗಬೇಕು ಎಂದು ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸರ್ ಹತ್ತಿರ ಹೋಗಿ ಕೇಳಿದೆ. "ಸರ್, ಕಣಗಿಲದ ವಿಷ ಹೊಟ್ಟಿಗೆ ಹೋದ್ರ ಏನಾಗ್ತೈತಿ?"

"ಯಾಕೋ?"

"ಸುಮ್ನ ಕೇಳಿದೆ ಸರ್."

ಅವರು ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ನೋಡಿ ಹೇಳಿದರು. "ವಾಂತಿ. ಎದಿ ಬಡಿತ ನಿಧಾನ ಆಗಿ ತಪ್ಪಾಕ ಹತ್ತತದ. ಕೆಲವರಿಗೆ ಎಲ್ಲಾ ಹಳದಿ ಕಾಣ್ತದಂತ ನೋಡು, ವಿಚಿತ್ರ."

"ಹಳದಿ ಕಾಣೋದು ಕಾಮಣಿ ಆದೋರಿಗೆ ಅಲ್ಲೇನ್ರೀ ಸರ್?"

"ಅದು ಗಾದಿ ಮಾತಪ್ಪ. ಅವರ ಕಣ್ಣು ನಮಗ ಹಳದಿ ಕಾಣ್ತಾವ. ಅವರಿಗೆ ಲೋಕ ಎಲ್ಲಾ ನಮ್ಮಂಗ ಕಾಣ್ತದ" ಎಂದು ಪುಸ್ತಕ ಮುಚ್ಚಿದರು.

ಆ ಸಂಜೆ ಬಳ್ಳಿಯನ್ನೆಲ್ಲಾ ಕಿತ್ತು ಸುಟ್ಟೆ. ಹಸಿ ಬಳ್ಳಿ, ಸುಲಭಕ್ಕೆ ಸುಡಲಿಲ್ಲ. ವೀಳ್ಯದೆಲೆ ಅಡಿಕೆಯನ್ನೂ ಅದರಲ್ಲೇ ಹಾಕಿದೆ. ಮುಂದಿನ ವರ್ಷ ಸರ್ ಕೇಳಿದಾಗ ಒಣಗಿ ಹೋಯಿತು ಎಂದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಕೇಳಿ, ನಾನೂ ಕೇಳಿಕೊಂಡಿದ್ದೇನೆ. ಹೇಳಿದರೆ ಅಕ್ಕನಿಗೆ ಇನ್ನೂ ಸಂಕಟ, ತನ್ನ ಕೈಯಾರೆ ವಿಷ ಅರೆದೆ ಎಂದು ಸತ್ತೇ ಹೋಗುತ್ತಾಳೆ ಎಂದುಕೊಂಡೆ. ಅದು ನೆಪ. ಪಾಲಮ್ಮ ನನ್ನ ಕೂದಲಿಗೆ ಕೈ ಹಾಕುತ್ತಾಳೆ, ಅದು ನಿಜ. ಬಾಯಿ ಬಿಟ್ಟರೆ ಬಣ್ಣಗೇಡು. ವಿಷದ ಗಿಡಕ್ಕೆ ಬಳ್ಳಿ ಸುತ್ತಿದವನು ನಾನು, ಅದು ವಿಷ ಎಂದು ಗೊತ್ತಿದ್ದವನು ನಾನು, ಬಾಗಿಲಲ್ಲಿ ಎಳೆ ನೋಡಿ ಸುಮ್ಮನೆ ನಿಂತವನು ನಾನು, ಗಾದೆ ಹೇಳಿ ನಕ್ಕವನೂ ನಾನೇ. ಇದೆಲ್ಲಾ ಅಕ್ಕನ ಒಂದು "ಹ್ಞೂಂ" ಒಳಗೆ ಮುಚ್ಚಿಹೋಗಿತ್ತು. ಊರೆಲ್ಲಾ ಅದನ್ನು ನಂಬಿತ್ತು. ನಾನೂ ಅದನ್ನೇ ಹೊದ್ದು ಮಲಗಿದೆ.

ನಾಲ್ಕು ವರ್ಷ ಅಕ್ಕ ಮಾತಾಡಲಿಲ್ಲ. ಸಂತೆಯಲ್ಲಿ ಬೆರಳು ತೋರಿಸಿ ಮೆಣಸಿನಕಾಯಿ ಕೊಳ್ಳುತ್ತಿದ್ದಳು. ಮೊಮ್ಮಗ ಹುಟ್ಟಿದಾಗ ಜೋಗುಳ ಹಾಡಲಿಲ್ಲ, ತೊಟ್ಟಿಲು ತೂಗಿದಳು ಅಷ್ಟೇ. ಓಣಿಯ ಹುಡುಗರು ಮೂಕಮ್ಮ ಎಂದರು. ಕಾಮಣಿಯವರು ಬಂದರೆ ಕೈ ಮುಗಿದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಆರು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ರೊಟ್ಟಿ ಬಡಿದು ಹಾಕುತ್ತಿದ್ದಳು, ತಿಂದು ಬರುತ್ತಿದ್ದೆ. ನನ್ನ ಮುಖ ನೋಡಿದರೆ ಅವಳ ಕಣ್ಣು ತುಂಬುತ್ತಿತ್ತು. ಕ್ಷಮಿಸು ಎಂದು ಕೇಳುತ್ತಿದ್ದ ಹಾಗೆ ಇರುತ್ತಿತ್ತು ಆ ನೋಟ. ಅಯ್ಯೋ ಶಿವನೇ, ಆ ನೋಟವನ್ನೂ ನಾನು ಅರಗಿಸಿಕೊಂಡೆ.

ಈಗ ಫೋನು ಬಂದಿತ್ತು. ಮನೆಗೆ ಹೋಗಿ ಅಂಗಿ ಬದಲಿಸುವಾಗ ಪಾಲಮ್ಮ ಕೇಳಿದಳು, ಹೇಳಿದೆ. ಒಲೆಯ ಬೆಂಕಿ ಆರಿಸಿ, "ನಾನೂ ಬರ್ತೀನಿ" ಎಂದಳು. "ಆಕಿ ಮ್ಯಾಲಿನ ಸಿಟ್ಟು ಹೋಗಿಲ್ಲ. ಆದ್ರ ಸಾಯೋ ಮುಂದ ಮಾರಿ ನೋಡಲಿಲ್ಲ ಅನ್ನೋದು ಬ್ಯಾಡ."

ಬಸ್ಸಿನಲ್ಲಿ ಹರಪನಹಳ್ಳಿ ಮುಟ್ಟುವವರೆಗೆ ನಾನು ಒಂದೇ ಮಾತು ಒಳಗೊಳಗೇ ಜೋಡಿಸುತ್ತಿದ್ದೆ. ಪಾಲಮ್ಮನನ್ನು ಹೊರಗೆ ಕೂರಿಸಿ, ಅಕ್ಕನ ಕಿವಿಯಲ್ಲಿ ಮಾತ್ರ ಹೇಳಿದರಾಯಿತು ಎಂದು ಅಲ್ಲೂ ದಾರಿ ಹುಡುಕುತ್ತಿದ್ದೆ.

ದವಾಖಾನೆಯಲ್ಲಿ ಅಕ್ಕ ಗೋಡೆಯ ಕಡೆಯ ಮಂಚದ ಮೇಲೆ ಮುದುಡಿ ಮಲಗಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಡಾಕ್ಟರಮ್ಮ ನನ್ನನ್ನು ನೋಡಿದ್ದೇ ರೇಗಿದಳು. "ನೀವೇನ್ರೀ ತಮ್ಮ? ಎಲ್ಲಿ ನೋವು, ಯಾವಾಗ ಶುರುವಾಯ್ತು, ಏನು ತಿಂದರು, ಒಂದಕ್ಕೂ ಉತ್ತರ ಇಲ್ಲ. ಹೊಟ್ಟಿ ಒತ್ತಿದರೆ ಮುಖಾನೂ ಕಿವುಚಲ್ಲ, ಹಲ್ಲು ಕಚ್ಚಿ ತಡ್ಕೋತಾರೆ. ಸೂಜಿ ಚುಚ್ಚಿದರೆ ಕಿತ್ತು ಎಸೀತಾರೆ. ದಾವಣಗೆರೆಗೆ ಕಳಿಸಿದರೂ ಇದೇ ಕಥೆ ಆಗ್ತದೆ. ಇವತ್ತು ಸಂಜೆ ಒಳಗ ಇವರು ಮಾತಾಡಬೇಕು, ಮದ್ದು ಹಾಕಿಸ್ಕೋಬೇಕು. ಇಲ್ಲಾಂದರೆ ನಾನೇನೂ ಮಾಡೋಕಾಗಲ್ಲ."

ಉಚ್ಚಂಗೆಪ್ಪ ತಾಯಿಯ ಕಾಲ ಹತ್ತಿರ ಕೂತು ಅಳುತ್ತಿದ್ದ. "ಮಾವ, ಆಕಿ ಸಾಯಬೇಕಂತ ಮಾಡ್ಯಾಳ. ನಂಗ ಗೊತ್ತೈತಿ" ಎಂದ.

ನಾನು ಬಗ್ಗಿ, "ಅಕ್ಕ, ಬಾಯಿ ಬಿಡು. ಎಲ್ಲಿ ನೋಯ್ತೈತಿ ಹೇಳು" ಎಂದೆ. ಅವಳು ತಲೆ ಅಲ್ಲಾಡಿಸಿದಳು. ಮತ್ತದೇ ನೋಟ. ಅವಳು ಪಾಲಮ್ಮನನ್ನು ನೋಡಿದಳು, ಎರಡೂ ಕೈ ಎತ್ತಿ ಮುಗಿದಳು. ಪಾಲಮ್ಮ ಮುಖ ತಿರುಗಿಸಿದಳು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕಿವಿಯಲ್ಲಿ ಹೇಳುವ ಲೆಕ್ಕಾಚಾರವೆಲ್ಲಾ ಮರೆತುಹೋಯಿತು. ಎಲ್ಲರೂ ಕೇಳುವ ಹಾಗೆ ಹೇಳಿಬಿಟ್ಟೆ.

"ಅಕ್ಕ, ನಿನ್ನ ಹ್ಞೂಂನಿಂದ ಯಶೋಧಾ ಸತ್ತಿಲ್ಲ. ನೀ ಕಿತ್ತ ಬಳ್ಳಿ ಕಣಗಿಲದ ಮ್ಯಾಲಿಂದು. ಅದರ ವಿಷ ಬಳ್ಳ್ಯಾಗ ಇಳಿದಿತ್ತು. ಅಲ್ಲಿ ಬಳ್ಳಿ ಸುತ್ತಿದೋನು ನಾನು. ವಿಷ ಅಂತ ನಂಗ ಗೊತ್ತಿತ್ತು. ನಿನ್ನ ಸೆರಗಿನಾಗ ಎಳಿ ಕಂಡಿತ್ತು, ಕೇಳಲಿಲ್ಲ. ಆಕಿ ಹಳದಿ ಕಾಣ್ತೈತಿ ಅಂದಾಗ ವಿಷ ಏರಿತ್ತು. ನಾ ಗಾದಿ ಹೇಳಿ ನಕ್ಕೆ. ನೀ ಮಾತಾಡಿದ್ರೂ ಸಾಯ್ತಿದ್ಲು, ಮಾತಾಡದಿದ್ರೂ ಸಾಯ್ತಿದ್ಲು. ನಿಂದೇನೂ ತಪ್ಪಿಲ್ಲ."

ಪಾಲಮ್ಮ ನೆಲದ ಮೇಲೆ ಕೂತಳು. ಕೂಗುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಏನೂ ಮಾಡಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಅಕ್ಕನ ತುಟಿ ಅಲ್ಲಾಡಿತು. ಮೊದಲು ಬರೀ ಗಾಳಿ ಬಂತು. ಆಮೇಲೆ ತುಕ್ಕು ಹಿಡಿದ ಕೀಲಿನ ಹಾಗೆ ದನಿ ಬಂತು.

"ಯಾವಾಗ ಗೊತ್ತಾತು ನಿನಗ?"

"ಹನ್ನೆರಡನೇ ದಿನ. ನೀನು ಇಟ್ಟ ಎಲಿ ಅಡಿಕಿ ನೋಡಿ."

"ಹನ್ನೆರಡನೇ ದಿನ" ಎಂದಳು. ಬೆರಳು ಮಡಿಸಿ ಏನೋ ಎಣಿಸಿದ ಹಾಗೆ ಮಾಡಿದಳು. "ನಾನು ಮಾತು ಬಿಟ್ಟ ಮರುದಿನ."

"ಹೌದಕ್ಕ."

"ಹಂಗಾರ ಇಷ್ಟು ವರ್ಷ ನೀ ಯಾಕ ಬಾಯಿ ಮುಚ್ಕೊಂಡಿದ್ದಿ?"

ಅವಳು ಕಾದಳು. ನಾನು ಏನಾದರೂ ಹೇಳುತ್ತೇನೆ ಎಂದು ನಿಜವಾಗಿಯೂ ಕಾದಳು. ಆಮೇಲೆ ಮಗ್ಗುಲು ಬದಲಿಸಿ ಡಾಕ್ಟರಮ್ಮನ ಕಡೆ ತಿರುಗಿ, "ಇಲ್ಲಿ ನೋಡವ್ವ, ಬಲಗಡಿ, ಕೆಳಗ. ಸೋಮವಾರದಿಂದ" ಎಂದಳು. ಡಾಕ್ಟರಮ್ಮ ಗುಳಿಗೆ ತಂದಾಗ ಪಾಲಮ್ಮ ಎದ್ದು, ಅದನ್ನು ಅವಳ ಕೈಯಿಂದ ತೆಗೆದುಕೊಂಡು ಅಕ್ಕನ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿ ಹಿಡಿದಳು. "ಬಾಯಿ ತಗಿ ಯಕ್ಕ" ಎಂದಳು. ಅಕ್ಕ ಬಾಯಿ ತೆರೆದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾ ಎಂದು ಯಾರೂ ಕರೆಯಲಿಲ್ಲ.

ದಾವಣಗೆರೆಯಲ್ಲಿ ಆಪರೇಷನ್ ಆಯಿತು, ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿತ್ತಂತೆ. ಅಕ್ಕ ಉಳಿದಳು. ಮಗನ ಮನೆಗೆ ಹೋಗುತ್ತೇನೆ ಎಂದವಳನ್ನು ಪಾಲಮ್ಮ ಬಿಡಲಿಲ್ಲ, ಕೊಟ್ಟೂರಿಗೇ ಕರೆತಂದಳು. ಆರು ತಿಂಗಳಾಯಿತು, ನಮ್ಮ ಮನೆಯಲ್ಲೇ ಇದ್ದಾಳೆ. ಊಟದ ಹೊತ್ತಿಗೆ ನನ್ನ ತಟ್ಟೆ ಬಡಿಸಿ ಇಟ್ಟಿರುತ್ತಾರೆ. ಅಂಗಿ ಒಗೆದು ಮಡಿಸಿ ಇಟ್ಟಿರುತ್ತಾರೆ. ಬೈಗುಳವಿಲ್ಲ, ಜಗಳವಿಲ್ಲ. ಒಂದು ಸಲ ನಾನೇ ತಡೆಯಲಾರದೆ, "ಒದೀರಿ, ಉಗೀರಿ, ಏನರ ಅನ್ರಿ" ಎಂದು ಕೂಗಾಡಿದೆ. ಪಾಲಮ್ಮ ನೀರಿನ ಚೆಂಬು ತಂದು ನನ್ನ ಮುಂದಿಟ್ಟು ಒಳಗೆ ಹೋದಳು.

ಸಂಜೆ ಕೆಲಸದಿಂದ ಬಂದಾಗ ಅಡುಗೆಮನೆಯಿಂದ ಇಬ್ಬರ ಮಾತು ಓಣಿಯವರೆಗೂ ಕೇಳುತ್ತಿರುತ್ತದೆ. ಅಕ್ಕನ ದನಿ ಮೊದಲಿನಷ್ಟೇ ದೊಡ್ಡದಾಗಿದೆ. ಯಶೋಧಾ ಸಣ್ಣವಳಿದ್ದಾಗ ಬೆಲ್ಲ ಕದ್ದದ್ದು, ಶಾಲೆಗೆ ಹೋಗುವುದಿಲ್ಲ ಎಂದು ಗುಡಾಣದ ಹಿಂದೆ ಅಡಗಿ ಕೂತದ್ದು, ನನಗೆ ಗೊತ್ತೇ ಇರದ ಎಷ್ಟೋ ಸಂಗತಿ ಮಾತಾಡಿಕೊಳ್ಳುತ್ತಾರೆ, ನಗುತ್ತಾರೆ, ಅಳುತ್ತಾರೆ. ನಾನು ಹೊಸ್ತಿಲು ದಾಟಿದರೆ ಮಾತು ನಿಲ್ಲುತ್ತದೆ. ಅದಕ್ಕೇ ಒಳಗೆ ಹೋಗುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೊರಗಿನ ಕಟ್ಟೆಯ ಮೇಲೆ ಕೂತು, ಮಗಳ ಹೆಸರು ಬರುವುದನ್ನು ಕೇಳುತ್ತೇನೆ.